ಭಾನುವಾರದ ಐದು ಮುಖ

ಜನವರಿ 17, 2025, ಶುಕ್ರವಾರ, ಮೈಸೂರು

ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿ ಬನಿಯನ್ ಒದ್ದೆಯಾಯಿತು. ನಿದ್ದೆಯ ಮಂಪರು ಅಂದುಕೊಂಡೆ. ಎರಡನೇ ಸಲವೂ ಅದೇ. ಕನ್ನಡಿ ನೋಡಿದೆ. ಬಾಯಿ ಬಲಕ್ಕೆ ಎಳೆದುಕೊಂಡಿದೆ. ಎಡಗಣ್ಣು ರೆಪ್ಪೆ ಬಡಿಯದೆ ಬೇರೆ ಯಾರದೋ ಕಣ್ಣಿನಂತೆ ನನ್ನನ್ನೇ ದಿಟ್ಟಿಸುತ್ತಿದೆ.

ಹದಿನೆಂಟು ವರ್ಷ ಎಂ.ಆರ್.ಐ. ಯಂತ್ರದ ಮುಂದೆ ಕೂತವನಿಗೆ ಇಂಥ ಹೊತ್ತಿನಲ್ಲಿ ಮೊದಲು ಹೊಳೆಯುವುದು ಸ್ಟ್ರೋಕ್. ಎರಡೂ ಕೈ ಮುಂದಕ್ಕೆ ಚಾಚಿ ಹತ್ತು ಎಣಿಸಿದೆ, ಯಾವುದೂ ಇಳಿಯಲಿಲ್ಲ. ಆಮೇಲೆ ಹುಬ್ಬು ಏರಿಸಿ ನೋಡಿದೆ. ಬಲಗಡೆ ಹಣೆಯ ಮೇಲೆ ಮೂರು ಗೆರೆ ಎದ್ದವು. ಎಡಗಡೆ ಇಸ್ತ್ರಿ ಹಾಕಿದ ಹಾಗೆ ನುಣ್ಣಗಿತ್ತು. ಅದನ್ನು ಕಂಡು ನನಗೆ ಜೀವ ಬಂತು. ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಹೋಗುತ್ತದೆ. ಮಿದುಳಿನ ಒಂದು ಬದಿ ಕೆಟ್ಟರೆ ಬಾಯಿ ಸೊಟ್ಟಗಾದರೂ ಹಣೆಯ ಗೆರೆ ಉಳಿಯುತ್ತದೆ. ಹಣೆಯೂ ಹೋಗಿದೆ ಎಂದರೆ ಕೆಟ್ಟಿರುವುದು ಬಹುಮಟ್ಟಿಗೆ ಅಲ್ಲಿಂದ ಹೊರಬಿದ್ದ ನರ, ಏಳನೆಯದು. ನೋಡಲು ಹೆಚ್ಚು ವಿಕಾರ ಕಾಣುವ ಮುಖವೇ ಇಲ್ಲಿ ಕಡಿಮೆ ಅಪಾಯದ್ದು. ಇದನ್ನು ಶೈಲಾಳಿಗೆ ವಿವರಿಸಲು ಹೋದರೆ, "ಮೊದಲು ಡಾಕ್ಟರ ಹತ್ತಿರ ನಡೀರಿ, ಪಾಠ ಆಮೇಲೆ" ಅಂದಳು.

ಅಮ್ಮನ ತೀರ್ಮಾನ ಅಷ್ಟರಲ್ಲಿ ಮುಗಿದಿತ್ತು: "ಗಾಳಿ ಬಡಿದಿದೆ ಕಣೋ. ಮೊನ್ನೆ ರಾತ್ರಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆಯಲ್ಲ." ನರರೋಗದ ಡಾಕ್ಟರು ಗಾಳಿಯ ಮಾತೆತ್ತಲಿಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ಬೊಬ್ಬೆಗಳಿವೆಯೇ ಎಂದು ನೋಡಿದರು (ಇದ್ದಿದ್ದರೆ ಸರ್ಪಸುತ್ತಿನ ವೈರಸ್ಸಿನ ಕೆಲಸ, 1907ರಲ್ಲಿ ರಾಮ್ಸೆ ಹಂಟ್ ಬರೆದಿಟ್ಟದ್ದು). ಕಿವಿಯ ಕೆಳಗೆ ಬೆರಳಿನಿಂದ ಒತ್ತಿ ಗಂಟು ಹುಡುಕಿದರು. ಸಕ್ಕರೆ ಪರೀಕ್ಷೆಗೆ ಬರೆದರು. ಪ್ರೆಡ್ನಿಸೊಲೋನ್ 25 ಮಿ.ಗ್ರಾಂ. ದಿನಕ್ಕೆ ಎರಡು ಹೊತ್ತು, ಹತ್ತು ದಿನ. ಮೂರು ದಿನದೊಳಗೆ ಶುರುವಾಗಬೇಕು, ನೀವು ಮೂರು ಗಂಟೆಯೊಳಗೆ ಬಂದಿದ್ದೀರಿ ಎಂದು ಬೆನ್ನು ತಟ್ಟಿದರು. ಕಣ್ಣಿಗೆ ಹನಿ, ರಾತ್ರಿ ರೆಪ್ಪೆ ಮುಚ್ಚಿ ಅಂಟಿಸಲು ಕಾಗದದ ಟೇಪು.

"ಸ್ಕ್ಯಾನ್ ಯಾವಾಗ ಮಾಡಿಸಲಿ ಸರ್?"

"ನಿಮಗೆ ಸ್ಕ್ಯಾನ್ ಬೇಡ."

ನನ್ನ ಮುಖದ ಚಲಿಸುವ ಅರ್ಧ ಏನು ಮಾಡಿತೋ ಗೊತ್ತಿಲ್ಲ, ಅವರು ನಕ್ಕುಬಿಟ್ಟರು. "ಮೊಬೈಲ್ ಇದೆಯಲ್ಲ? ಪ್ರತಿ ಭಾನುವಾರ, ಒಂದೇ ಜಾಗ, ಒಂದೇ ಬೆಳಕು, ಐದು ಫೋಟೊ. ಸುಮ್ಮನಿದ್ದದ್ದು ಒಂದು, ಹುಬ್ಬೇರಿಸಿದ್ದು, ಕಣ್ಣು ಬಿಗಿಯಾಗಿ ಮುಚ್ಚಿದ್ದು, ಹಲ್ಲು ಕಾಣಿಸಿದ್ದು, ತುಟಿ ಮುಂದೆ ಚಾಚಿದ್ದು. ನನಗೆ ಬೇಕಾದ ಇಮೇಜಿಂಗ್ ಅದೇ."

ಕೋಟಿಗಟ್ಟಲೆ ಬೆಲೆಯ ಯಂತ್ರ ನಡೆಸುವವನಿಗೆ ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಿ ಎಂದರೆ ಸ್ವಲ್ಪ ಅವಮಾನವೇ.

ಜನವರಿ 20, ಸೋಮವಾರ

ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ಹೋದೆ. ಕೊರೊನಾ ಕಾಲದ ಉಪಕಾರ, ಯಾರೂ ಕೇಳುವುದಿಲ್ಲ. ಆದರೆ ಮಾತು ಗುಟ್ಟು ಬಿಟ್ಟುಕೊಡುತ್ತದೆ. ಒಂದನೇ ಕ್ಲಾಸಿನಲ್ಲಿ ಕಲಿತ ಪ ಫ ಬ ಭ ಮ ಐದೂ ಕೈಕೊಟ್ಟಿವೆ. ತುಟಿಗೆ ತುಟಿ ಸೇರಿದರೆ ತಾನೆ? "ಬೆಲ್ಟು, ಪರ್ಸು, ಮೊಬೈಲು ಹೊರಗಿಡಿ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವ ವಾಕ್ಯದಲ್ಲಿ ಇಷ್ಟೊಂದು ಪವರ್ಗ ಇದೆಯೆಂದು ಇವತ್ತು ತಿಳಿಯಿತು. ಡಬ್ಬಿಯಲ್ಲಿ ಸಂಕ್ರಾಂತಿಯ ಎಳ್ಳು ಬೆಲ್ಲ ಉಳಿದಿತ್ತು. ಎಡಗಡೆ ನಾಲಿಗೆಗೆ ಬೆಲ್ಲವೂ ಒಂದೇ, ಕೊಬ್ಬರಿಯೂ ಒಂದೇ.

ಅದಕ್ಕಿಂತ ಕಷ್ಟ ಸದ್ದು. ಕಿವಿಯೊಳಗಿನ ಪುಟ್ಟ ಮೂಳೆಯನ್ನು ದೊಡ್ಡ ಸದ್ದಿಗೆ ಬಿಗಿಹಿಡಿಯುವ ಒಂದು ಎಳೆ ಸ್ನಾಯುವಿಗೂ ಇದೇ ಏಳನೆಯ ನರ ಬೇಕು. ಅದೀಗ ಸಡಿಲ ಬಿದ್ದಿದೆ. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಇಟ್ಟರೆ ನನ್ನ ತಲೆಯೊಳಗೆ ಇಟ್ಟ ಹಾಗಾಗುತ್ತದೆ. ಇನ್ನು ನಮ್ಮ ಯಂತ್ರದ ಬಡಿತ! ಗಾಜಿನ ಈಚೆ ಕೂತಿದ್ದರೂ ಹಲ್ಲಿಗೆ ಬಡಿಯುತ್ತದೆ.

ಮಧ್ಯಾಹ್ನ ಜೊತೆಗಿರುವ ಹುಡುಗ ಮೆಲ್ಲಗೆ ಬಂದ. "ಸರ್, ಎರಡೂವರೆ ಸ್ಲಾಟ್ ಖಾಲಿ ಇದೆ. ಮಲಗಿಬಿಡಿ, ಹದಿನೈದು ನಿಮಿಷ. ಯಾರಿಗೂ ಗೊತ್ತಾಗಲ್ಲ."

ಆಸೆಯಾಯಿತು. ಏನು ಕಾಣಬಹುದೆಂದು ನನಗೆ ಗೊತ್ತಿದೆ. ಏಳನೆಯ ನರ ಮಿದುಳಿನ ಕಾಂಡದಿಂದ ಹೊರಟು, ಕೇಳುವ ನರದ ಜೊತೆ ಒಳಗಿವಿಯ ಮೂಳೆಯ ಕೊಳವೆಗೆ ಇಳಿಯುತ್ತದೆ. ಅಲ್ಲಿಂದ ಕಿವಿಯ ಕೆಳಗೆ ಹೊರಬರುವ ತನಕ ಸುಮಾರು ಮೂರು ಸೆಂಟಿಮೀಟರ್ ಮೂಳೆಯೊಳಗಿನ ದಾರಿ. ತಲೆಬುರುಡೆಯ ಬೇರೆ ಯಾವ ನರವೂ ಇಷ್ಟು ದೂರ ಮೂಳೆಯೊಳಗೆ ನುಸುಳುವುದಿಲ್ಲ. ದಾರಿಯ ಮೊದಲ ತುಂಡಿನಲ್ಲಿ ಕೊಳವೆ ಒಂದು ಮಿಲಿಮೀಟರಿಗಿಂತಲೂ ಕಿರಿದು. ಕೈ ಊದಿಕೊಂಡಾಗ ಬಳೆ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ನರ ಊದಿತು, ಮೂಳೆಯ ಬಳೆ ಹಿಗ್ಗುವುದಿಲ್ಲ, ನರವೇ ನಲುಗುತ್ತದೆ. ಗ್ಯಾಡೊಲಿನಿಯಂ ಚುಚ್ಚಿ ಚಿತ್ರ ತೆಗೆದರೆ ಕೊಳವೆಯ ತುದಿಯಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಮುಂದಿನ ತಿರುವಿನಲ್ಲಿ ಆರೋಗ್ಯವಂತರ ನರವೂ ಅಷ್ಟಿಷ್ಟು ಹೊಳೆಯುತ್ತದೆ, ಸುತ್ತ ರಕ್ತನಾಳದ ಜಾಲ ಇರುವುದರಿಂದ. ಹೊಸ ರೇಡಿಯಾಲಜಿಸ್ಟರು ಅಲ್ಲಿ ಎಡವುವುದನ್ನು ಕಂಡಿದ್ದೇನೆ.

ಸರಿ, ಹೊಳೆಯಿತು ಅಂತಿಟ್ಟುಕೊಳ್ಳೋಣ. ಮಾತ್ರೆ ಬದಲಾಗುತ್ತದೆಯೆ? ಇಲ್ಲ. ಎಷ್ಟು ಹೊಳೆಯಿತೆಂದು ನೋಡಿ ಎಷ್ಟು ದಿನಕ್ಕೆ ವಾಸಿ ಎಂದು ನೆಚ್ಚಿ ಹೇಳಬಹುದೆ? ಅದೂ ಇಲ್ಲ. ಮುಖ ನೆಟ್ಟಗಾದ ಮೇಲೂ ತಿಂಗಳುಗಟ್ಟಲೆ ಹೊಳೆಯುತ್ತಲೇ ಇರಬಹುದು. ಹುಡುಗನಿಗೆ "ಬೇಡ" ಅಂದೆ. ಆ 'ಬ' ಕೂಡ ಸರಿಯಾಗಿ ಬರಲಿಲ್ಲ.

ಜನವರಿ 23, ಗುರುವಾರ, ರಾತ್ರಿ ಎರಡು ಗಂಟೆ

ಸ್ಟೀರಾಯ್ಡ್ ನಿದ್ದೆ ತಿನ್ನುತ್ತದೆ. ಟೇಪು ಹಚ್ಚಿದ ಕಣ್ಣು ಒಂದು ಕಡೆ, ಬರೆಯುವ ಕಣ್ಣು ಒಂದು ಕಡೆ.

ಸ್ಕ್ಯಾನ್ ಬೇಡ ಎನ್ನುವುದು ಬುದ್ಧಿಗೆ ಒಪ್ಪಿದರೂ ಹೊಟ್ಟೆಯೊಳಗೆ ಕುದಿಯುತ್ತಿರುವುದಕ್ಕೆ ಕಾರಣ ಇದೆ. ಹನ್ನೊಂದು ವರ್ಷದ ಹಿಂದೆ, ಬೇರೆ ಊರಿನ ಕೇಂದ್ರದಲ್ಲಿ ನಾನಿದ್ದಾಗ, ತೆಂಗಿನಕಾಯಿ ವ್ಯಾಪಾರದ ಒಬ್ಬರು ಬಂದಿದ್ದರು. ಬಲಮುಖ ಜೋಲಿತ್ತು. ಚೀಟಿಯಲ್ಲಿ ಎರಡೇ ಪದ, 'ಬೆಲ್ಸ್ ಪಾಲ್ಸಿ', ಈಗ ನನಗಾಗಿರುವುದೇ. ಕೆಳಗೆ ರೋಗದ ವಿವರಕ್ಕೆಂದು ಬಿಟ್ಟ ಗೆರೆ ಖಾಲಿ. ಟೇಬಲ್ಲಿನ ಮೇಲೆ ಮಲಗುತ್ತಾ ಅವರು ಹೇಳಿದರು: "ಒಂದೇ ದಿನಕ್ಕೆ ಆದದ್ದಲ್ಲ ಸಾರ್. ಯುಗಾದಿಯಿಂದ ನಿಧಾನಕ್ಕೆ ಜಾಸ್ತಿ ಆಗ್ತಾ ಇದೆ. ಕೆನ್ನೆನೂ ಜೋಮು ಹಿಡಿದಂಗೆ." ಆಗ ದೀಪಾವಳಿ ಹತ್ತಿರ ಬಂದಿತ್ತು. ನಾನು "ಅಲುಗಾಡಬೇಡಿ" ಅಂದೆ. ಅವರ ಮಾತಿಗೆ ನನ್ನ ಉತ್ತರ ಅಷ್ಟೇ. ಹೊರಗೆ ಒಂಬತ್ತು ಜನ ಕಾಯುತ್ತಿದ್ದರು.

ಮಾಡಿದ್ದು ಮಾಮೂಲಿ ಮಿದುಳಿನ ಸ್ಕ್ಯಾನ್. ಚಿತ್ರ ಬುರುಡೆಯ ತಳಕ್ಕೆ ಮುಗಿಯುತ್ತದೆ. ರಿಪೋರ್ಟು 'ನಾರ್ಮಲ್' ಎಂದು ಹೋಯಿತು, ಅದು ಸುಳ್ಳೂ ಅಲ್ಲ, ಮಿದುಳು ನಾರ್ಮಲ್ಲೇ ಇತ್ತು. ಏಳು ತಿಂಗಳ ಮೇಲೆ ಇನ್ನೊಬ್ಬ ಡಾಕ್ಟರ ಚೀಟಿ ಹಿಡಿದು ಅವರೇ ಬಂದರು. ಈ ಸಲ ಗೆರೆ ತುಂಬ ಬರೆದಿತ್ತು: ನಿಧಾನವಾಗಿ ಹೆಚ್ಚಿದೆ, ಸ್ಪರ್ಶವೂ ಕಡಿಮೆ, ಕಿವಿಯ ಕೆಳಗಿನ ಜೊಲ್ಲು ಗ್ರಂಥಿ ಸೇರಿಸಿ ನೋಡಿ. ಸೇರಿಸಿ ನೋಡಿದೆವು. ಗ್ರಂಥಿಯಲ್ಲಿ ಗೆಡ್ಡೆ. ನರ ಮೂಳೆಯಿಂದ ಹೊರಬರುವ ತೂತಿನ ಕೆಳಗೆ ಎಲ್ಲರಿಗೂ ಕೊಬ್ಬಿನ ಒಂದು ಬಿಳಿ ಚುಕ್ಕೆ ಇರುತ್ತದೆ. ಅವರಿಗೆ ಬಲಗಡೆ ಅದು ಅಳಿಸಿಹೋಗಿತ್ತು. ಗೆಡ್ಡೆ ನರವನ್ನೇ ಹಗ್ಗ ಮಾಡಿಕೊಂಡು ಮೇಲಕ್ಕೆ ಹತ್ತುತ್ತಿತ್ತು.

ಬೆಲ್ಸ್ ಪಾಲ್ಸಿ ಒಂದೆರಡು ದಿನದಲ್ಲಿ ಪೂರ್ತಿ ಇಳಿದು, ವಾರಗಳಲ್ಲಿ ಏಳಲು ಶುರುವಾಗುತ್ತದೆ. ತಿಂಗಳುಗಟ್ಟಲೆ ಇಳಿಯುತ್ತಲೇ ಹೋಗುವುದು, ಮೂರು ನಾಲ್ಕು ತಿಂಗಳಾದರೂ ಒಂದಿಷ್ಟೂ ಏಳದಿರುವುದು, ಕೆನ್ನೆ ಜೋಮು ಹಿಡಿಯುವುದು, ಮರಳಿ ಮರಳಿ ಬರುವುದು, ಇವಕ್ಕೆಲ್ಲ ಸ್ಕ್ಯಾನ್ ಬೇಕೇಬೇಕು. ಆ ಮನುಷ್ಯ ಅದನ್ನೇ ತನ್ನ ಮಾತಿನಲ್ಲಿ ನನಗೆ ಹೇಳಿದ್ದ. ಡಾಕ್ಟರಲ್ಲದಿದ್ದರೂ ನನ್ನ ಜೇಬಿನಲ್ಲಿ ಪೆನ್ನಿತ್ತು.

ಜನವರಿ 26, ಭಾನುವಾರ

ಎರಡನೇ ಸರದಿಯ ಫೋಟೊ. ಶೈಲಾ ಬಾಲ್ಕನಿಯ ಕಂಬಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾಳೆ, ಅಲ್ಲೇ ನಿಲ್ಲಬೇಕು. ಕಣ್ಣು ಮುಚ್ಚಿದ ಫೋಟೊದಲ್ಲಿ ಎಡಗಣ್ಣು ಮುಚ್ಚಿಲ್ಲ, ಗುಡ್ಡೆ ಮೇಲಕ್ಕೆ ಹೊರಳಿ ಬರೀ ಬಿಳಿ. ಮಗಳು ನೋಡಿ, "ಅಪ್ಪ, ಯಕ್ಷಗಾನದ ರಾಕ್ಷಸ" ಅಂದಳು. ಅಮ್ಮ ಅವಳಿಗೆ ಗದರಿದರು. ನನಗೆ ನಗು ಬಂತು, ಅರ್ಧ.

ಕರೆಂಟು ಕೊಡಿಸು, ಪಾರಿವಾಳದ ರಕ್ತ ಹಚ್ಚು, ಬಲೂನು ಊದು. ಸಲಹೆಗೇನೂ ಬರವಿಲ್ಲ.

ಫೆಬ್ರವರಿ 3, ಸೋಮವಾರ

ಇವತ್ತಿನದು ಪೂರ್ತಿ ಬರೆದಿಡಬೇಕು.

ಟಿ. ನರಸೀಪುರದ ಕಡೆಯ ಅಜ್ಜಿ, ಅರವತ್ತೆಂಟು ವರ್ಷ, ಜೊತೆಗೆ ಮಗ. ಚೀಟಿಯಲ್ಲಿ 'ತಲೆನೋವು, ಪ್ಲೇನ್ ಬ್ರೈನ್'. ಗೆರೆ ಖಾಲಿ. ಅಜ್ಜಿ ಸೆರಗಿನಿಂದ ಬಲಗೆನ್ನೆ ಮರೆ ಮಾಡಿಕೊಂಡು ಕೂತಿದ್ದರು, ಆದರೆ ಸೆರಗು ಕೆನ್ನೆಗೆ ತಾಗದಂತೆ ಒಂದು ಗೇಣು ದೂರ ಹಿಡಿದಿದ್ದರು. ಆ ಗೇಣೇ ನನ್ನ ಕಣ್ಣಿಗೆ ಬಿದ್ದದ್ದು.

"ಅಜ್ಜಿ, ತಲೆ ಎಲ್ಲಿ ನೋಯುತ್ತೆ?"

"ತಲೆ ಎಲ್ಲಪ್ಪ? ದವಡೆ. ಮೊಕಕ್ಕೆ ಅರಿಸ್ನ ಹಚ್ಕಳಕ್ಕೆ ಕೈ ಹೋದ್ರೆ ಸಾಕು, ಮಿಂಚು ಹೊಡ್ದಂಗೆ ಹೊಡೀತದೆ. ಕಣ್ಣು ರೆಪ್ಪೆ ಹಾಕದ್ರಾಗೆ ಹೊಯ್ತದೆ, ತಿರ್ಗಾ ಬತ್ತದೆ. ಗಾಳಿ ಬೀಸಿದ್ರೂ ಅಷ್ಟೇ. ಮೂರು ಹಲ್ಲು ಕೀಳಿಸ್ದ ನನ್ ಮಗ. ಹಲ್ಲೂ ಹೋಯ್ತು, ನೋವೂ ಉಳೀತು."

ಮಗ ತಲೆ ತಗ್ಗಿಸಿದ. ಹಲ್ಲು ಕಿತ್ತವರನ್ನೂ ಏನೆನ್ನುವುದು? ದವಡೆ ಎಂದರೆ ಯಾರಿಗಾದರೂ ಮೊದಲು ಹಲ್ಲೇ ನೆನಪಾಗುತ್ತದೆ. ಇದು ಐದನೆಯ ನರದ ನೋವು. ಏಳನೆಯದು ಮುಖ ಕುಣಿಸುವ ನರವಾದರೆ, ಐದನೆಯದು ಮುಖಕ್ಕೆ ಬಿಸಿ, ತಂಪು, ಮುಟ್ಟು, ನೋವು ತಿಳಿಸುವ ನರ. ಹಣೆಗೊಂದು, ಕೆನ್ನೆಗೊಂದು, ಕೆಳದವಡೆಗೊಂದು ಅದರ ಕವಲು. ಅಜ್ಜಿ ತೋರಿಸಿದ್ದು ಎರಡು, ಮೂರನೆಯವನ್ನು.

ರೇಡಿಯಾಲಜಿಸ್ಟ್ ಮೇಡಂಗೆ ಫೋನು ಮಾಡಿದೆ. ಅಜ್ಜಿಯ ಮಾತನ್ನು ಅರಿಸಿನ ಸಮೇತ ಒಪ್ಪಿಸಿದೆ. ಅವರು ಅಲ್ಲಿಂದ ಚೀಟಿ ಬರೆದ ಡಾಕ್ಟರಿಗೆ ಫೋನು ಮಾಡಿ ಒಪ್ಪಿಗೆ ಪಡೆದರು. ಮಾಮೂಲಿ ಚಿತ್ರಗಳ ಜೊತೆಗೆ ನರದ ಬೇರು ತೋರಿಸುವ ತೆಳು ಹೋಳಿನ ಚಿತ್ರವೂ ಸೇರಿತು. ಒಂದು ಕಂಪನಿಯ ಯಂತ್ರದಲ್ಲಿ ಇದಕ್ಕೆ ಸಿಸ್ ಎಂದು ಹೆಸರು, ಇನ್ನೊಂದರಲ್ಲಿ ಫಿಯೆಸ್ಟಾ, ಕೆಲಸ ಒಂದೇ. ಮಾಮೂಲಿ ಹೋಳು ಐದು ಮಿಲಿಮೀಟರ್ ದಪ್ಪ, ಇದು ಅರ್ಧ ಮಿಲಿಮೀಟರಿನ ಆಸುಪಾಸು.

ಮಲಗಿಸುವುದೇ ಒಂದು ಕೆಲಸವಾಯಿತು. ತಲೆಯ ಎರಡೂ ಪಕ್ಕ ಸ್ಪಂಜು ತುರುಕಿ ಬಿಗಿ ಮಾಡುವುದು ವಾಡಿಕೆ. ಬಲಗೆನ್ನೆಗೆ ಏನೂ ತಾಗಬಾರದು. ಎಡಕ್ಕೆ ಮಾತ್ರ ಸ್ಪಂಜು, ಹಣೆಗೆ ಒಂದು ಪಟ್ಟಿ. ಯಂತ್ರದೊಳಗೆ ಬೀಸುವ ಫ್ಯಾನ್ ಆರಿಸಿದೆ. ಕಿವಿಗೆ ಬೆಂಡು ಇಡುವಾಗ ನನ್ನ ಕೈ ನಡುಗಿತು. ಅಜ್ಜಿ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದರು. ಮಾಸ್ಕು ಜಾರಿತ್ತು.

"ನಿಂಗೇನಾಯ್ತಪ್ಪ ಮೊಕಕ್ಕೆ?"

"ನರ ಊದಿದೆ ಅಜ್ಜಿ. ನೋವಿಲ್ಲ."

"ನೋವಿಲ್ವ? ಪುಣ್ಯವಂತ."

ನನ್ನ ಮುಖ ಅಲುಗುವುದಿಲ್ಲ. ಆಕೆಯದು ಅಲುಗುತ್ತದೆ, ಆಕೆ ಅಲುಗಿಸುವುದಿಲ್ಲ. ಮಿಂಚಿಗೆ ಹೆದರಿ ಮಾತೂ ತುಟಿಯ ಎಡತುದಿಯಿಂದಲೇ. ಯಾರಾದರೂ ದೂರದಿಂದ ನೋಡಿದ್ದರೆ ಇಬ್ಬರಿಗೂ ಒಂದೇ ರೋಗ ಎನ್ನುತ್ತಿದ್ದರು.

ಆ ಚಿತ್ರದಲ್ಲಿ ಮಿದುಳಿನ ಸುತ್ತಲ ನೀರು ಹಾಲಿನಂತೆ ಬೆಳ್ಳಗೆ, ನರ ಅದರಲ್ಲಿ ತೇಲುವ ಬೂದು ಎಳೆ, ರಕ್ತನಾಳ ಕಪ್ಪು. ಬಲಗಡೆ ಕಿರುಮಿದುಳಿಗೆ ಹೋಗುವ ಮೇಲಿನ ಅಪಧಮನಿ ಕೆಳಗೆ ಬಳಕಿ ಬಂದು, ನರ ಮಿದುಳಿನ ಕಾಂಡ ಸೇರುವ ಜಾಗದಲ್ಲೇ ಕೂತಿತ್ತು. ನರ ಅಲ್ಲಿ ತಗ್ಗಿತ್ತು, ಸ್ವಲ್ಪ ಪಕ್ಕಕ್ಕೂ ಸರಿದಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ.

ಮೇಡಂ ಬಂದು ನೋಡಿ, ಮೌಸನ್ನು ಎಡಗಡೆಗೆ ಸರಿಸಿದರು. "ಇಲ್ಲಿ ನೋಡಿ." ಎಡಗಡೆಯೂ ಒಂದು ರಕ್ತನಾಳ ನರಕ್ಕೆ ತಾಗಿಕೊಂಡಿತ್ತು! ಆ ಕಡೆ ಅಜ್ಜಿಗೆ ಒಂದು ದಿನವೂ ನೋವಿಲ್ಲ. "ತಾಗಿರುವುದು ಎಷ್ಟೋ ಜನರಲ್ಲಿ ಇರುತ್ತೆ, ಅವರಿಗೆ ಗೊತ್ತೇ ಇರಲ್ಲ. ತಗ್ಗು ಬಿದ್ದಿದೆಯಾ, ಅದು ನೋಯುವ ಕಡೆಯೇ ಇದೆಯಾ, ಅದು ಮುಖ್ಯ. ಯಾವ ಕಡೆ ಎಂದು ನೀವು ಹೇಳದಿದ್ದರೆ ನಾನು ಎರಡೂ ಬರೆದು ಕೈಬಿಡುತ್ತಿದ್ದೆ." ಗೆಡ್ಡೆಯಾಗಲಿ, ಮಿದುಳಿನಲ್ಲಿ ಬಿಳಿ ಮಚ್ಚೆಯಾಗಲಿ ಇಲ್ಲವೆಂದೂ ನೋಡಿಕೊಂಡರು.

ರಕ್ತನಾಳ ಒತ್ತುವುದರಿಂದ ಈ ನೋವು ಎಂದು ವಾಲ್ಟರ್ ಡ್ಯಾಂಡಿ 1934ರಲ್ಲೇ ಬರೆದದ್ದು ಬುರುಡೆ ತೆರೆದು ಕಣ್ಣಾರೆ ಕಂಡು. ಪೀಟರ್ ಜನೆಟ್ಟಾ 1960ರ ದಶಕದಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ನಾಳವನ್ನು ನರದಿಂದ ಬಿಡಿಸತೊಡಗಿದರು. ಈಗ ನಡುವೆ ಟೆಫ್ಲಾನಿನ ಹತ್ತಿಯಂಥ ತುಣುಕು ಇಡುತ್ತಾರೆ. ಡ್ಯಾಂಡಿ ಬುರುಡೆ ಕೊರೆದು ಕಂಡದ್ದನ್ನು ಅಜ್ಜಿ ಎಲೆ ಅಡಿಕೆ ಚೀಲ ಎದೆಗವಚಿಕೊಂಡು ಮಲಗಿ ತೋರಿಸಿದರು. (ಚೀಲದಲ್ಲಿ ಅಡಕತ್ತರಿ ಇತ್ತು. ಒಳಗೆ ಬಿಡುವ ಮೊದಲು ತೆಗೆಸಿದೆ. ಮರೆತಿದ್ದರೆ ಹಾರಿ ಹೋಗಿ ಯಂತ್ರಕ್ಕೆ ಅಂಟುತ್ತಿತ್ತು.)

ಫೆಬ್ರವರಿ 5, ಬುಧವಾರ

ಚಾರ್ಲ್ಸ್ ಬೆಲ್ ಬಗ್ಗೆ ಓದುತ್ತಾ ಕೂತೆ. ನನ್ನ ಮುಖಕ್ಕೆ ಹೆಸರು ಕೊಟ್ಟವನಲ್ಲವೆ. ಎಡಿನ್‌ಬರೋದಲ್ಲಿ ಹುಟ್ಟಿದ ಸರ್ಜನ್, ಚಿತ್ರಗಾರ. ಚಿತ್ರಕಾರರಿಗಾಗಿ ಮುಖಭಾವದ ಅಂಗರಚನೆಯ ಮೇಲೆ 1806ರಲ್ಲಿ ಪುಸ್ತಕ ಬರೆದ. 1815ರಲ್ಲಿ ವಾಟರ್ಲೂ ಗಾಯಾಳುಗಳಿಗೆ ಕೈಯಾರೆ ಚಿಕಿತ್ಸೆ ಮಾಡಿ ಅವರ ಗಾಯಗಳ ಚಿತ್ರ ಬರೆದ. 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಮುಖದ ನರಗಳ ಬಗ್ಗೆ ಪ್ರಬಂಧ ಕೊಟ್ಟ. ಅವನಿಗಿಂತ ಒಂಬತ್ತು ಶತಮಾನ ಮೊದಲೇ ಪರ್ಷಿಯದ ಅಲ್ ರಾಝಿ ಇದೇ ಸೊಟ್ಟ ಮುಖವನ್ನು ವರ್ಣಿಸಿದ್ದ. ಹೆಸರು ಮಾತ್ರ ಬೆಲ್‌ನ ಪಾಲಾಯಿತು.

ಓದಿ ಮೈ ಜುಮ್ಮೆಂದದ್ದು ಬೇರೆ ವಿಷಯಕ್ಕೆ. ಐದು, ಏಳರ ಕೆಲಸ ಬೇರೆ ಬೇರೆ ಎಂದು ಸ್ಪಷ್ಟವಾಗುವ ಮುಂಚೆ, ಅಜ್ಜಿಯಂಥವರ ನೋವಿಗೆ ಸರ್ಜನ್ನರು ಏಳನೆಯ ನರ ಕತ್ತರಿಸುತ್ತಿದ್ದರಂತೆ. ನೋವು ಹಾಗೇ ಉಳಿಯುತ್ತಿತ್ತು, ಮುಖ ನನ್ನದರಂತಾಗುತ್ತಿತ್ತು. ಮೂರು ಹಲ್ಲಿಗೆ ಮುಗಿದದ್ದು ಅಜ್ಜಿಯ ಪುಣ್ಯ ಎನ್ನಬೇಕೋ ಏನೋ.

ಫೆಬ್ರವರಿ 9, ಭಾನುವಾರ

ನಾಲ್ಕನೇ ಸರದಿ. ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಲ್ಲು ಕಾಣಿಸಿದ ಚಿತ್ರದಲ್ಲಿ ಎಡ ಮೂಗಿನ ಪಕ್ಕ ಒಂದು ಗೆರೆ. ಕಳೆದ ವಾರ ಅದಿರಲಿಲ್ಲ. ಕನ್ನಡಿಯಲ್ಲಿ ನನಗೆ ಕಾಣಲೇ ಇಲ್ಲ. ದಿನಾ ನೋಡುವ ಮುಖದಲ್ಲಿ ಏನು ಕಾಣುತ್ತದೆ? ಡಾಕ್ಟರಿಗೆ ಕಳಿಸಿದೆ. ಹೆಬ್ಬೆಟ್ಟಿನ ಚಿಹ್ನೆ ಬಂತು.

ನಿಂಬೆ ಉಪ್ಪಿನಕಾಯಿ ಎಡಗಡೆ ಚುರ್ರೆಂದಿತು. ಮೂರು ವಾರದ ಮೇಲೆ. ಎರಡು ಸಲ ಹಾಕಿಸಿಕೊಂಡೆ, ರಕ್ತದೊತ್ತಡದ ಮಾತು ಯಾರೂ ಎತ್ತಲಿಲ್ಲ.

ಮಾರ್ಚ್ 4, ಮಂಗಳವಾರ

ಅಜ್ಜಿಯ ಮಗ ಸಿ.ಡಿ.ಯ ಇನ್ನೊಂದು ಪ್ರತಿಗೆ ಬಂದಿದ್ದ. ಕಾರ್ಬಮಜೆಪೈನ್ ಶುರು ಮಾಡಿದ್ದಾರೆ. ಫಿಟ್ಸಿನ ಮಾತ್ರೆ, 1962ರಿಂದ ಈ ನೋವಿಗೂ ಕೊಡುತ್ತಾ ಬಂದಿದ್ದಾರೆ. "ಮಿಂಚು ನಿಂತಿದೆ ಸಾರ್, ಆದ್ರೆ ಹಗಲೆಲ್ಲ ತೂಕಡಿಸ್ತಾರೆ." ಆಪರೇಷನ್ನಿಗೆ ಬೆಂಗಳೂರಿಗೆ ಹೋಗುವುದೋ, ಮಾತ್ರೆಯಲ್ಲೇ ಕಳೆಯುವುದೋ, ಮನೆಯಲ್ಲಿ ಇನ್ನೂ ತೀರ್ಮಾನವಿಲ್ಲ. ಅಜ್ಜಿ ಏನನ್ನುತ್ತಾರೆ ಎಂದೆ. "ನಿಮ್ ಮೊಕ ಸರಿ ಹೋಯ್ತಾ ನೋಡ್ಕಂಡು ಬಾ ಅಂದ್ರು." ಮಾಸ್ಕು ಇಳಿಸಿ ತೋರಿಸಿದೆ. ಅವನೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡ.

ಅಜ್ಜಿ ಸ್ಕ್ಯಾನಿಗೆ ಬಂದ ದಿನದಿಂದ ಚೀಟಿಯ ಖಾಲಿ ಗೆರೆಯ ಮೇಲೆ ಪೆನ್ಸಿಲ್ಲಿನಲ್ಲಿ ರೋಗಿ ಹೇಳಿದ್ದನ್ನು ಹೇಳಿದ ಹಾಗೇ ಬರೆದು ಮೇಡಂಗೆ ಕಳಿಸುತ್ತಿದ್ದೇನೆ. ಒಬ್ಬೊಬ್ಬರಿಗೆ ಎರಡು ನಿಮಿಷ ಹೆಚ್ಚು. ಮ್ಯಾನೇಜರರು ದಿನದ ಲೆಕ್ಕದಲ್ಲಿ ಒಂದು ಸ್ಕ್ಯಾನ್ ಕಡಿಮೆ ಏಕೆ ಎಂದು ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.

ಮಾರ್ಚ್ 30, ಭಾನುವಾರ, ಯುಗಾದಿ

ಬೇವು ಎರಡೂ ಕಡೆ ಕಹಿ. ಡಾಕ್ಟರು ಒಂದು ಲೆಕ್ಕ ಹೇಳಿದ್ದರು: ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳಿಗೆ ಪೂರ್ತಿ ಗುಣವಾದವರು ಪ್ರೆಡ್ನಿಸೊಲೋನ್ ತೆಗೆದುಕೊಂಡವರಲ್ಲಿ ನೂರಕ್ಕೆ 83, ತೆಗೆದುಕೊಳ್ಳದವರಲ್ಲಿ ಸುಮಾರು 64. ಮೂರು ತಿಂಗಳಿಗೆ ಇನ್ನು ಎರಡೂವರೆ ವಾರ. ಹಣೆಯ ಗೆರೆ ಎಡಗಡೆ ಎರಡು ಬಂದಿವೆ, ಮೂರನೆಯದು ಬಾಕಿ.

ಜೂನ್ 8, ಭಾನುವಾರ

ಇಪ್ಪತ್ತೊಂದನೇ ಸರದಿ. ಕಂಬದ ಮೇಲಿನ ಸೀಮೆಸುಣ್ಣದ ಗುರುತು ಮಳೆಗೆ ಅಳಿಸಿದೆ, ಆದರೂ ಕಾಲು ತಾನಾಗಿ ಅಲ್ಲೇ ಹೋಗಿ ನಿಂತಿತು.

ಮಗಳು ನೂರೈದು ಫೋಟೊಗಳನ್ನೂ ಬೆರಳಿನಿಂದ ಸರಸರ ಸರಿಸಿದಳು. ಹಾಗೆ ನೋಡಿದರೆ ಮುಖ ಸಿನಿಮಾದ ಹಾಗೆ ನಿಧಾನವಾಗಿ ನೆಟ್ಟಗಾಗುತ್ತದೆ. ಕೊನೆಯದರ ಹತ್ತಿರ ನಿಲ್ಲಿಸಿ, "ಅಪ್ಪ, ಯಾವ ಕಡೆ ಆಗಿತ್ತು?" ಎಂದು ಕೇಳಿದಳು.

ಐದನೇ ಫೋಟೊ ತೋರಿಸಿದೆ, ತುಟಿ ಮುಂದೆ ಚಾಚಿದ್ದು. ತುಟಿ ಚಾಚಿದಾಗ ಎಡಗಣ್ಣು ಕೂದಲೆಳೆಯಷ್ಟು ಕಿರಿದಾಗುತ್ತದೆ. ಮತ್ತೆ ಚಿಗುರಿದ ಎಳೆಗಳಲ್ಲಿ ಬಾಯಿಗೆ ಹೋಗಬೇಕಾದ ಕೆಲವು ದಾರಿ ತಪ್ಪಿ ಕಣ್ಣಿಗೆ ಹೋಗಿ ಸೇರಿವೆ. ಅವು ಅಲ್ಲೇ ಇರುತ್ತವೆ ಎಂದಿದ್ದಾರೆ ಡಾಕ್ಟರು. ಮಗಳು ಫೋಟೊವನ್ನು ದೊಡ್ಡದು ಮಾಡಿ ನೋಡಿದಳು, ಚಿಕ್ಕದು ಮಾಡಿ ನೋಡಿದಳು.

"ಎಲ್ಲಿ? ಏನೂ ಕಾಣ್ತಿಲ್ಲ. ಶಿಳ್ಳೆ ಹಾಕು ನೋಡೋಣ."

ಹಾಕಿದೆ. ಗಾಳಿಯೇ ಜಾಸ್ತಿ ಬಂತು. ಅವಳು ನನ್ನ ಎಡಗಣ್ಣನ್ನೇ ನೋಡುತ್ತಿದ್ದವಳು, "ಹ್ಞಾ, ಕಣ್ಣು ಹೊಡೀತು!" ಎಂದು ಅಮ್ಮನನ್ನು ಕರೆಯಲು ಒಳಗೆ ಓಡಿದಳು.